ಭೀಮೆಯ ದಂಡೆಯ ಸೊನ್ನ

ಭೀಮೆ ತುಂಬಿದಾಗಲೇ ಪತ್ರಿಕೆಗಳಿಗೆ ಸೊನ್ನದ ನೆನಪು. ಅಫಜಲಪುರ ತಾಲ್ಲೂಕಿನ ಈ ಊರಿನ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬುದನ್ನು 2020ರ ಅಕ್ಟೋಬರಿನಲ್ಲಿ ನಾವೆಲ್ಲ ಓದಿದೆವು. ಊರಿಗೂ ಒಂದು ಚರಿತ್ರೆಯುಂಟು.

1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರದು. ಹೊಲದ ಮಾತು ಕನ್ನಡ, ದಫ್ತರದ ಬರಹ ಉರ್ದು. ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲು ರೈತ ಮತ್ತೊಬ್ಬರ ಬಾಯಿ ನೋಡಬೇಕಾಗಿತ್ತು. 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ತಹಸೀಲು, ಜಮೀನು, ವಸೂಲಿ ಎಂಬ ಮಾತುಗಳು ಮಾತ್ರ ಉಳಿದವು. ಅವು ಹೋಗಬೇಕೆಂದು ಕನ್ನಡ ಮಾಸ್ತರನಾದ ನಾನೂ ಹೇಳಲಾರೆ. ಜೋಳದ ರೊಟ್ಟಿಯಷ್ಟೇ ಅವೂ ನಮ್ಮವು.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಆ ಕಾಲದ ಕಾಗದವೊಂದಿದೆ. ಎಂ.ಎ. ಓದಿದ ನನಗೂ ಅದರ ಒಂದಕ್ಷರ ತಿಳಿಯದು. ಉರ್ದು ಬಲ್ಲ ಹಿರಿಯರು ಊರಲ್ಲಿ ಇರುವಾಗಲೇ ಓದಿಸಬೇಕೆಂದಿದ್ದೇನೆ.