ಮುದ್ರೆಯ ನುಡಿ, ಲೋಹದ ನಡೆ

ಗತಕಾಲದ ಚರಿತ್ರೆಯನ್ನು ಅರಿಯುವುದಕ್ಕೆ ಶಾಸನ, ಕಾವ್ಯಗಳಂತೆಯೇ ನಾಣ್ಯಗಳೂ ಮುಖ್ಯವಾದ ಆಕರಗಳು. ಅವುಗಳಲ್ಲಿ ರೋಮನ್ ಸಾಮ್ರಾಜ್ಯದ ನಾಣ್ಯಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಒಂದು ಮುಖದಲ್ಲಿ ಚಕ್ರವರ್ತಿಯ ಶಿರಸ್ಸು ಮತ್ತು ಬಿರುದಾವಳಿ. ಇನ್ನೊಂದು ಮುಖದಲ್ಲಿ ಅವನು ಪ್ರಜೆಗಳಿಗೆ ಹೇಳಬಯಸಿದ ಮಾತು. ವಿಜಯ, ಶಾಂತಿ, ಸಮೃದ್ಧಿ, ಸೇನೆಯ ನಿಷ್ಠೆ ಮೊದಲಾದವು ದೇವತೆಗಳ ರೂಪದಲ್ಲಿ ಅಲ್ಲಿ ಮೂಡಿರುತ್ತವೆ. ವೃತ್ತಪತ್ರಿಕೆಗಳಿಲ್ಲದ ಆ ಕಾಲದಲ್ಲಿ ಅರಮನೆಯ ಮಾತು ಸಂತೆಯನ್ನು ಮುಟ್ಟುತ್ತಿದ್ದುದು ಬಹುಮಟ್ಟಿಗೆ ಈ ಬಿಲ್ಲೆಗಳ ಮೂಲಕವೇ.

ಇವುಗಳ ಸಂಗ್ರಹಣೆಯೂ ಇಂದು ನಿನ್ನೆಯದಲ್ಲ. ಇಟಲಿಯ ಕವಿ ಪೆಟ್ರಾರ್ಕನು 1354ರಲ್ಲಿ ಮಾಂಟುವಾ ನಗರದಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆಯನ್ನು ಕಂಡು, ತನ್ನ ಸಂಗ್ರಹದ ಕೆಲವು ರೋಮನ್ ನಾಣ್ಯಗಳನ್ನು ಕಾಣಿಕೆಯಾಗಿತ್ತು, ಆ ಪೂರ್ವಿಕರ ಹಾದಿಯಲ್ಲಿ ನಡೆಯಬೇಕೆಂದು ಹಿತನುಡಿ ಹೇಳಿದನು. ವಿಯೆನ್ನಾದ ಜೋಸೆಫ್ ಎಕ್ಹೆಲ್ ಎಂಬ ವಿದ್ವಾಂಸನು 1792ರಿಂದ 1798ರವರೆಗೆ ಎಂಟು ಸಂಪುಟಗಳಲ್ಲಿ ಪ್ರಾಚೀನ ನಾಣ್ಯಗಳನ್ನು ಕ್ರಮಬದ್ಧವಾಗಿ ವಿಂಗಡಿಸಿದ ಮೇಲೆ ಈ ಹವ್ಯಾಸವು ಶಾಸ್ತ್ರದ ಪದವಿಗೇರಿತು. ಮುಂದೆ ವಿದ್ವಾಂಸರು ಮುದ್ರೆಯನ್ನು ಓದಿದ್ದಲ್ಲದೆ ಲೋಹವನ್ನು ತೂಗಿ, ಒರೆಗೆ ಹಚ್ಚಿ ನೋಡತೊಡಗಿದರು. ಆಗ ಮುದ್ರೆ ಮುಚ್ಚಿಟ್ಟ ಚರಿತ್ರೆಯೊಂದು ಹೊರಬಿದ್ದಿತು.

ಮೊದಲ ಚಕ್ರವರ್ತಿ ಅಗಸ್ಟಸನ ಕಾಲದ ಡೆನೇರಿಯಸ್ ಎಂಬ ನಾಣ್ಯವು ಬಹುಮಟ್ಟಿಗೆ ಶುದ್ಧ ಬೆಳ್ಳಿಯದು. ಒಂದು ರೋಮನ್ ಪೌಂಡು ಬೆಳ್ಳಿಗೆ 84 ನಾಣ್ಯಗಳೆಂಬುದು ಲೆಕ್ಕ. ಈ ನಾಣ್ಯದ ಕೀರ್ತಿ ಸಮುದ್ರವನ್ನೂ ದಾಟಿತ್ತು. ಕ್ಲಾಡಿಯಸನ ಆಳಿಕೆಯಲ್ಲಿ, ಎಂದರೆ ಕ್ರಿ.ಶ. 41ರಿಂದ 54ರ ನಡುವೆ, ಬಿರುಗಾಳಿಗೆ ಸಿಕ್ಕಿ ಸಿಂಹಳವನ್ನು ಸೇರಿದ ರೋಮನ್ ಸೇವಕನೊಬ್ಬನ ವೃತ್ತಾಂತವನ್ನು ಪ್ಲಿನಿ ಎಂಬ ಗ್ರಂಥಕಾರನು ಹೇಳಿದ್ದಾನೆ. ಅವನಲ್ಲಿದ್ದ ನಾಣ್ಯಗಳ ಮೇಲೆ ಬೇರೆ ಬೇರೆ ಅರಸರ ಮುಖಗಳಿದ್ದರೂ ತೂಕ ಮಾತ್ರ ಒಂದೇ ಆಗಿದ್ದುದನ್ನು ಕಂಡು ಅಲ್ಲಿಯ ದೊರೆ ರೋಮನ್ನರ ನ್ಯಾಯನಿಷ್ಠೆಗೆ ಬೆರಗಾದನಂತೆ. ಆ ದೊರೆಗೆ ಲ್ಯಾಟಿನ್ ಅಕ್ಷರ ತಿಳಿದಿರಬೇಕಾಗಿರಲಿಲ್ಲ, ತಕ್ಕಡಿಯೇ ಸಾಕಾಗಿತ್ತು.

ದಕ್ಷಿಣ ಭಾರತದ ವರ್ತಕರೂ ಇದೇ ತಕ್ಕಡಿಯನ್ನು ನಂಬಿದವರು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನಗಳಲ್ಲಿಯೂ ಡೆನೇರಿಯಸ್ ನಾಣ್ಯಗಳು ಸಿಕ್ಕಿವೆ. ದಕ್ಷಿಣದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸರವು. ನೀರೋವಿನ ಅನಂತರದವು ವಿರಳ. ಇದಕ್ಕೆ ವಿದ್ವಾಂಸರು ಕೊಡುವ ಮುಖ್ಯ ಕಾರಣಗಳಲ್ಲೊಂದು, ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ಪೌಂಡಿಗೆ 96 ನಾಣ್ಯಗಳನ್ನು ಅಚ್ಚು ಹಾಕಿಸಿ, ಬೆಳ್ಳಿಗೆ ತಾಮ್ರವನ್ನೂ ಹೆಚ್ಚಾಗಿ ಬೆರೆಸಿದ್ದು.

ಒಮ್ಮೆ ಹಿಡಿದ ಈ ಇಳಿಜಾರು ಮುಂದೆ ನಿಲ್ಲಲಿಲ್ಲ. ಸೇನೆಯ ಸಂಬಳ ಏರಿತು, ಗಡಿಗಳಲ್ಲಿ ಯುದ್ಧ ಹೆಚ್ಚಿತು, ಬೊಕ್ಕಸ ಬರಿದಾಯಿತು. ಎರಡನೆಯ ಶತಮಾನದ ಕೊನೆಗೆ, ಸೆಪ್ಟಿಮಿಯಸ್ ಸೆವರಸನ ಕಾಲದಲ್ಲಿ, ಬೆಳ್ಳಿಯ ಅಂಶ ಅರ್ಧದಷ್ಟಕ್ಕೆ ಇಳಿದಿತ್ತು. ಕ್ರಿ.ಶ. 215ರಲ್ಲಿ ಕಾರಾಕಲ್ಲನು ಹೊಸದೊಂದು ನಾಣ್ಯವನ್ನು ತಂದನು. ಅದಕ್ಕೆ ಎರಡು ಡೆನೇರಿಯಸಿನ ಬೆಲೆಯೆಂದು ವಿದ್ವಾಂಸರ ಅಭಿಪ್ರಾಯ. ಅದರೊಳಗಿದ್ದ ಬೆಳ್ಳಿಯಾದರೋ ಒಂದೂವರೆಯಷ್ಟು. 260ರಲ್ಲಿ ವಲೇರಿಯನ್ ಚಕ್ರವರ್ತಿ ಪರ್ಷಿಯಾದ ಶಾಪುರನಿಗೆ ಸೆರೆಸಿಕ್ಕನು. ಅವನ ನಾಣ್ಯಗಳು ಅವನನ್ನು ಲೋಕೋದ್ಧಾರಕನೆಂದು ಸಾರಿದ್ದವು. ಅವನ ಮಗ ಗಾಲಿಯೆನಸನ ಕೊನೆಗಾಲಕ್ಕೆ ನೂರು ಪಾಲಿನಲ್ಲಿ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ಅದೇ ಗಾಲಿಯೆನಸನ ನಾಣ್ಯಗಳ ಹಿಮ್ಮುಖದಲ್ಲಿ ಈಕ್ವಿಟಾಸ್ ಎಂಬ ಸಮತೆಯ ದೇವತೆ ತಕ್ಕಡಿಯನ್ನು ಹಿಡಿದು ನಿಂತಿದ್ದಾಳೆ! ತೂಕಕ್ಕೆ ಮೋಸ ಮಾಡಿದ ಬಿಲ್ಲೆಯ ಮೇಲೆಯೇ ತೂಕದ ದೇವತೆ.

ಜನರು ಇದನ್ನು ಅರಿಯದೆ ಹೋಗಲಿಲ್ಲ. ಹಳೆಯ ಒಳ್ಳೆಯ ನಾಣ್ಯ ಮರೆಯಾಯಿತು, ಬೆಲೆಗಳು ಏರಿದವು. ಕ್ರಿ.ಶ. 301ರಲ್ಲಿ ಡಯೋಕ್ಲೀಷಿಯನ್ ಸಾವಿರಕ್ಕೂ ಮಿಕ್ಕ ವಸ್ತು ಸೇವೆಗಳಿಗೆ ಗರಿಷ್ಠ ದರವನ್ನು ಗೊತ್ತುಮಾಡಿ, ಮೀರಿದವರಿಗೆ ಮರಣದಂಡನೆಯೆಂದು ಶಾಸನ ಹೊರಡಿಸಿದನು; ಅದು ಫಲಿಸಲಿಲ್ಲ. ಅನಂತರ ಕಾನ್‌ಸ್ಟಂಟೈನನು ಪೌಂಡಿಗೆ 72ರಂತೆ ಅಚ್ಚು ಹಾಕಿಸಿದ ಸಾಲಿಡಸ್ ಎಂಬ ಚಿನ್ನದ ನಾಣ್ಯವು ಹನ್ನೊಂದನೆಯ ಶತಮಾನದವರೆಗೂ ಬಹುಮಟ್ಟಿಗೆ ಶುದ್ಧವಾಗಿಯೇ ಉಳಿದು, ದೂರದೇಶಗಳಲ್ಲಿಯೂ ಮನ್ನಣೆ ಪಡೆಯಿತು. ಆಜ್ಞೆಯಿಂದ ಆಗದ ಕಾರ್ಯ ಶುದ್ಧಿಯಿಂದ ಆಯಿತು.

ಸಂಗ್ರಹಕಾರನು ಅರಿಯಬೇಕಾದ ಮಾತೊಂದಿದೆ. ಚೆಲುವಾದ ಒಂಟಿ ನಾಣ್ಯಕ್ಕಿಂತ, ಹೂತಲ್ಲಿಯೇ ದೊರೆತ ಗಡಿಗೆ ಹೆಚ್ಚು ಮಾತಾಡುತ್ತದೆ. ಇಂಗ್ಲೆಂಡಿನ ಫ್ರೋಮ್ ಪಟ್ಟಣದ ಬಳಿ 2010ರಲ್ಲಿ ಒಂದೇ ಗಡಿಗೆಯಲ್ಲಿ 52,503 ರೋಮನ್ ನಾಣ್ಯಗಳು ದೊರೆತವು. ಕಂಡವನು ತಾನೇ ಬಗೆಯದೆ ತಜ್ಞರಿಗೆ ತಿಳಿಸಿದನು. ಅವರು ಪದರ ಪದರವಾಗಿ ಎತ್ತಿದರು. ಈಚಿನ ನಾಣ್ಯಗಳು ಗಡಿಗೆಯ ಕೆಳಭಾಗದಲ್ಲಿದ್ದುದರಿಂದ ಎಲ್ಲವನ್ನೂ ಒಮ್ಮೆಗೇ ಹೂಳಲಾಗಿತ್ತೆಂದು ತಿಳಿದುಬಂದಿತು. ಹಂಚಿಹೋದ ನಿಧಿಯಿಂದ ಇಂಥ ಅರಿವು ದೊರೆಯಲಾರದು.

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರೂ, ಅಗತ್ಯಕ್ಕೆ ಮಿಗಿಲಾದ ಅಕ್ಕಿಯನ್ನು ಮರಳಿ ಸುರಿದುಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರೂ ರೋಮನ್ ನಾಣ್ಯವನ್ನು ಕೈಯಲ್ಲಿ ಹಿಡಿದವರಲ್ಲ. ಆದರೆ ನುಡಿಗೆ ತಕ್ಕ ನಡೆಯಿಲ್ಲದಿದ್ದರೆ ನುಡಿಯೇ ಸವೆದುಹೋಗುತ್ತದೆಂಬ ಶರಣರ ತಿಳಿವಿಗೆ ಈ ಬಿಲ್ಲೆಗಳು ಸಾಕ್ಷಿ ನುಡಿಯುತ್ತವೆ. ಮುದ್ರೆಯನ್ನು ಒತ್ತುವವನು ಅರಸ. ಬೆಲೆಯನ್ನು ನಿಶ್ಚಯಿಸುವುದು ಒರೆಗಲ್ಲು.