ಮಠಪತ್ರಿಕೆಯಿಂದ ಸುತ್ತೋಲೆಯವರೆಗೆ

ಅರಸರ ಚರಿತ್ರೆಯನ್ನು ಶಾಸನಗಳು ಹೇಳುತ್ತವೆ. ದೇವಾಲಯಗಳ ಚರಿತ್ರೆಯನ್ನು ಅವುಗಳ ಗೋಡೆಗಳೇ ಹೇಳುತ್ತವೆ. ಆದರೆ ಒಂದು ಸರ್ಕಾರವು ತನ್ನ ಉಪಾಧ್ಯಾಯರೊಡನೆ ಯಾವ ಬಗೆಯಲ್ಲಿ ಮಾತನಾಡುತ್ತ ಬಂದಿತೆಂಬ ಚರಿತ್ರೆಯನ್ನು ಬರೆದಿಡುವವರು ವಿರಳ. ವಿದ್ಯಾಭ್ಯಾಸದ ಇಲಾಖೆಯ ಹುಕುಮುಗಳು, ಪ್ರಕಟಣೆಗಳು, ಸುತ್ತೋಲೆಗಳು ಅವುಗಳ ದಿನ ಕಳೆದೊಡನೆ ಕಡತದ ಪಾಲಾಗುತ್ತವೆ. ಆದರೂ ಒಂದು ಊರಿನ ಮಗುವಿಗೆ ಅಕ್ಷರ ದೊರೆಯಿತೆ, ಒಬ್ಬ ಉಪಾಧ್ಯಾಯನಿಗೆ ತನ್ನ ಜ್ಞಾನವನ್ನು ಬೆಳೆಸಿಕೊಳ್ಳುವ ಅವಕಾಶ ಒದಗಿತೆ ಎಂಬುದು ಆ ಕಾಗದಗಳ ಸಂಚಾರವನ್ನೇ ಅವಲಂಬಿಸಿದೆ. ಕನ್ನಡನಾಡಿನಲ್ಲಿ ಈ ಸಂಚಾರವು ಯಾವ ಮಾರ್ಗದಲ್ಲಿ ನಡೆಯಿತು, ಮೇಲಿನಿಂದ ಕೆಳಕ್ಕೆ ಇಳಿದ ಮಾತಿಗೆ ಕೆಳಗಿನಿಂದ ಉತ್ತರವು ಹೋಗುವ ದಾರಿಯೊಂದಿತ್ತೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇಲಾಖೆಯೆಂಬುದು ಹುಟ್ಟುವುದಕ್ಕೆ ಮುಂಚೆ ನಮ್ಮಲ್ಲಿ ವಿದ್ಯೆಯಿರಲಿಲ್ಲವೆಂದು ಯಾರೂ ಭಾವಿಸಬಾರದು. ವೇದಶಾಸ್ತ್ರಗಳಿಗೆ ಅಗ್ರಹಾರಗಳೂ ಪಾಠಶಾಲೆಗಳೂ ಇದ್ದುವು, ಲೋಕವ್ಯವಹಾರಕ್ಕೆ ಕೂಲಿಮಠಗಳಿದ್ದುವು. ಐಗಳು ಜಗಲಿಯಲ್ಲಿ ಕುಳಿತು ಮರಳಿನ ಮೇಲೆ ಓನಾಮವನ್ನು ತಿದ್ದಿಸಿ, ಮಗ್ಗಿ, ಬಾಯಿಲೆಕ್ಕಗಳನ್ನು ಹೇಳಿಕೊಟ್ಟು, ಮೇಲಾದವರಿಗೆ ಅಮರವನ್ನೂ ಜೈಮಿನಿಯನ್ನೂ ಓದಿಸುತ್ತಿದ್ದರು. ಅವರಿಗೆ ಸಲ್ಲುತ್ತಿದ್ದ ಸಂಬಳವು ಊರವರು ಕೊಡುವ ಕಾಳುಕಡಿ, ಕಾಣಿಕೆಗಳು. ಅವರಿಗೆ ಮೇಲಿನಿಂದ ಯಾವ ಆಜ್ಞೆಯೂ ಬರುತ್ತಿರಲಿಲ್ಲ. ಯಾವ ನೆರವೂ ಬರುತ್ತಿರಲಿಲ್ಲ. ಈ ವಿದ್ಯೆಯು ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಸಮನಾಗಿ ಲಭಿಸುತ್ತಿರಲಿಲ್ಲವೆಂಬ ದೊಡ್ಡ ಕೊರತೆಯನ್ನೂ ಇಲ್ಲಿ ಮುಚ್ಚಿಡದೆ ಹೇಳತಕ್ಕದ್ದು. ಆ ಕೊರತೆಯನ್ನು ತುಂಬಲು ಊರೊಂದರ ಶಕ್ತಿ ಸಾಲದು. ಅದಕ್ಕೆ ಸರ್ಕಾರವೇ ಬೇಕಾಯಿತು.

೧೮೫೪ರಲ್ಲಿ ವುಡ್ ಎಂಬ ಅಧಿಕಾರಿಯ ಹೆಸರಿನಿಂದ ಪ್ರಸಿದ್ಧವಾದ ಶಿಕ್ಷಣದ ನಿರೂಪವು ಇಂಗ್ಲೆಂಡಿನಿಂದ ಹೊರಟಿತು. ಅದರ ಫಲವಾಗಿ ಮುಂಬಯಿ ಪ್ರಾಂತದಲ್ಲಿ ೧೮೫೫ರಲ್ಲಿಯೂ, ಸರ್ ಮಾರ್ಕ್ ಕಬ್ಬನ್ನರು ಕಮಿಷನರಾಗಿದ್ದ ಮೈಸೂರು ಸೀಮೆಯಲ್ಲಿ ೧೮೫೭ರಲ್ಲಿಯೂ ವಿದ್ಯಾ ಇಲಾಖೆಗಳು ಏರ್ಪಟ್ಟುವು. ಮರುವರ್ಷ ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲು ಪ್ರಾರಂಭವಾಯಿತು. ಅದೇ ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಆದರೆ ಪಟ್ಟಣದ ಕೆಲವು ಮಕ್ಕಳಿಗೆ ಇಂಗ್ಲಿಷು ಕಲಿಸಿದ ಮಾತ್ರಕ್ಕೆ ನಾಡಿಗೆ ವಿದ್ಯೆ ಬಂದಂತಾಗಲಿಲ್ಲ. ಹಳ್ಳಿಯ ಕಡೆಗೆ ದೃಷ್ಟಿಯು ತಿರುಗಿದ್ದು ೧೮೬೮ರಲ್ಲಿ, ಬಿ. ಎಲ್. ರೈಸರು ಸಿದ್ಧಪಡಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ.

ಈ ಯೋಜನೆಯ ತಿರುಳು ಇಂದಿಗೂ ಮನನಯೋಗ್ಯವಾಗಿದೆ. ಪ್ರತಿಯೊಂದು ಹೋಬಳಿಗೂ ಒಂದು ಶಾಲೆಯಿರಬೇಕು; ಅದರ ಕಟ್ಟಡದ ಹೊಣೆಯನ್ನು ಊರವರು ಹೊರಬೇಕು; ಉಪಾಧ್ಯಾಯನನ್ನು ದೂರದಿಂದ ತಂದು ಹೇರುವುದಕ್ಕಿಂತ, ಆ ಸೀಮೆಯಲ್ಲಿ ಮೊದಲೇ ಪಾಠ ಹೇಳುತ್ತಿದ್ದವರಲ್ಲಿ ಯೋಗ್ಯರನ್ನು ನಾರ್ಮಲ್ ಶಾಲೆಗೆ ಕರೆಯಿಸಿ, ತರಬೇತು ಕೊಟ್ಟು, ಮರಳಿ ಅವರ ಊರಿಗೇ ಕಳುಹಿಸಬೇಕು. ಹಳೆಯ ಐಗಳನ್ನು ಅಳಿಸಿ ಹೊಸ ಮೇಷ್ಟರನ್ನು ನಿಲ್ಲಿಸುವುದಲ್ಲ, ಐಗಳನ್ನೇ ಮೇಷ್ಟರನ್ನಾಗಿ ಮಾಡುವುದು ಇದರ ಮರ್ಮ. ಕರ್ನಾಟಕದ ಉಪಾಧ್ಯಾಯನಿಗೆ ಸರ್ಕಾರವು ತೆರೆದ ಮೊದಲ ದೊಡ್ಡ ಅವಕಾಶವು ಇದೆಂದು ನನ್ನ ಮತ.

ರೈಸರಿಗೆ ಇದು ಹೊಳೆದದ್ದು ಆಕಸ್ಮಿಕವಲ್ಲ. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ಬಲ್ಲವರಾಗಿದ್ದ ಅವರು ಶಾಲೆಗಳ ತನಿಖೆಗಾಗಿ ಸೀಮೆಯೆಲ್ಲವನ್ನೂ ಸುತ್ತಿದರು. ಹಾಗೆ ಸುತ್ತುವಾಗಲೇ ಊರೂರಿನ ಶಿಲಾಶಾಸನಗಳು ಅವರ ಕಣ್ಣಿಗೆ ಬಿದ್ದುವು. ೧೮೭೯ರಲ್ಲಿ ಮೈಸೂರಿನ ಶಾಸನಗಳ ಸಂಗ್ರಹವೂ, ೧೮೮೬ರಿಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳೂ ಹೊರಬಂದುವು. ಕನ್ನಡದ ಪ್ರಾಚೀನ ಚರಿತ್ರೆಯ ಬಹುಭಾಗವು ಬೆಳಕಿಗೆ ಬಂದದ್ದು ವಿದ್ಯಾ ಇಲಾಖೆಯ ಒಬ್ಬ ತನಿಖಾಧಿಕಾರಿಯ ಪ್ರಯಾಣಗಳಿಂದ ಎಂಬುದು ಸಾಮಾನ್ಯ ವಿಷಯವೆ? ಹೋಗಿ ನೋಡುವ, ನಿಂತು ಕೇಳುವ ಅಧಿಕಾರಿಗೆ ತಾನು ಅರಸದ ವಸ್ತುವೂ ದೊರೆಯುತ್ತದೆ.

ಮೈಸೂರಿನಲ್ಲಿ ಅಧಿಕಾರಿಯ ಪ್ರವಾಸವು ಮಾಡಿದ ಕೆಲಸವನ್ನು ಮುಂಬಯಿ ಕರ್ನಾಟಕದಲ್ಲಿ ಒಂದು ಪತ್ರಿಕೆಯು ಮಾಡಿತು. ಆ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಆಗ ಶಾಲೆಯ ಭಾಷೆಯಾಗಿ ಮರಾಠಿಯೇ ಮೆರೆಯುತ್ತಿತ್ತು. ಶಿಕ್ಷಣಾಧಿಕಾರಿ ರಸೆಲ್ಲರ ಬೆಂಬಲದಿಂದಲೂ, ಡೆಪ್ಯುಟಿ ಚನ್ನಬಸಪ್ಪನವರ ಅವಿರತ ಪ್ರಯತ್ನದಿಂದಲೂ ಅಲ್ಲಿ ಕನ್ನಡ ಶಾಲೆಗಳು ತಲೆಯೆತ್ತಿದುವು. ಶಾಲೆ ತೆರೆದರೆ ಸಾಲದು. ಕನ್ನಡದಲ್ಲಿ ಪಾಠ ಹೇಳಲು ಅಧ್ಯಾಪಕರು ಸಿದ್ಧರಾಗಬೇಕು. ಆ ಕೆಲಸಕ್ಕೆ ಧಾರವಾಡದ ತರಬೇತಿನ ಶಾಲೆಯು ಒಂದು ಸಾಧನವಾಯಿತು. ೧೮೬೦ರ ದಶಕದಲ್ಲಿ ಹುಟ್ಟಿದ ‘ಮಠಪತ್ರಿಕೆ’ಯು ಎರಡನೆಯ ಸಾಧನವಾಯಿತು. ಶಾಲೆಗೆ ಜನರು ಮಠವೆನ್ನುತ್ತಿದ್ದ ಕಾಲದಲ್ಲಿ ಪತ್ರಿಕೆಗೂ ಆ ಹೆಸರನ್ನೇ ಇಟ್ಟುದು ಎಷ್ಟು ಉಚಿತವಾಗಿದೆ! ಮುಂದೆ ಅದು ‘ಶಾಲಾಪತ್ರಿಕೆ’ಯಾಗಿ, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರ ಸಂಪಾದಕತ್ವವನ್ನು ಕಂಡು, ಅನಂತರ ‘ಜೀವನ ಶಿಕ್ಷಣ’ವೆಂಬ ಹೆಸರನ್ನು ತಾಳಿತು.

ಹುಕುಮಿಗೂ ಪತ್ರಿಕೆಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಹುಕುಮು ‘ಹೀಗೆ ಮಾಡು’ ಎನ್ನುತ್ತದೆ. ಅದಕ್ಕೆ ಉತ್ತರವೆಂದರೆ ‘ಮಾಡಿದೆ’ ಎಂಬ ವರದಿಯೊಂದೆ. ಪತ್ರಿಕೆಯು ‘ಹೀಗೆ ಮಾಡಬಹುದು, ನಿಮ್ಮ ಅನುಭವವೇನು?’ ಎನ್ನುತ್ತದೆ. ಅಲ್ಲಿ ಇಂದು ಓದುವವನು ನಾಳೆ ಬರೆಯುವವನಾಗಬಲ್ಲನು. ಒಂಟಿಯಾಗಿ ಹಳ್ಳಿಯಲ್ಲಿ ಕುಳಿತ ಅಧ್ಯಾಪಕನಿಗೆ, ತನ್ನಂತೆಯೇ ಪಾಡುಪಡುತ್ತಿರುವವರು ನೂರಾರು ಮಂದಿ ಇದ್ದಾರೆಂಬ ಅರಿವೇ ಒಂದು ಬಲ.

ಮೈಸೂರು ಸಂಸ್ಥಾನದಲ್ಲಿ ಅನಂತರ ಕಾನೂನುಗಳ ಕಾಲವು ಬಂದಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೩ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಜಾರಿಯಾಗಿ, ಗೊತ್ತಾದ ಸ್ಥಳಗಳಲ್ಲಿ ಕಡ್ಡಾಯ ವಿದ್ಯಾಭ್ಯಾಸಕ್ಕೆ ಮೊದಲಾಯಿತು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವೂ ಸ್ಥಾಪಿತವಾಯಿತು. ಸರ್ಕಾರದ ಹೊರಗೂ ಪ್ರಯತ್ನಗಳು ನಡೆದುವು. ಪ್ಲೇಗಿನ ಉಪದ್ರವದ ತರುವಾಯ ಬೆಳೆದ ಬಸವನಗುಡಿಯಲ್ಲಿ ೧೯೧೭ರಲ್ಲಿ ನ್ಯಾಷನಲ್ ಹೈಸ್ಕೂಲು ಹುಟ್ಟಿತು. ಡಾ. ಎಚ್. ನರಸಿಂಹಯ್ಯನವರು ಅಲ್ಲಿ ವಿದ್ಯಾರ್ಥಿಯಾಗಿದ್ದು, ಮುಂದೆ ನ್ಯಾಷನಲ್ ಕಾಲೇಜಿನ ಅಧ್ಯಾಪಕರೂ ಪ್ರಿನ್ಸಿಪಾಲರೂ ಆಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳವರೆಗೂ ಏರಿದುದು ನಮ್ಮ ಭಾಗದ ಮನೆಮನೆಗೂ ಗೊತ್ತಿರುವ ಸಂಗತಿ.

೧೯೪೮ರಲ್ಲಿ ಜಯನಗರದ ಬಡಾವಣೆಗೆ ಅಸ್ತಿಭಾರವು ಬಿದ್ದಿತು. ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳು ಹೆಸರಿಗೆ ಹಳ್ಳಿಗಳಾಗಿಯೇ ಉಳಿದು, ಕ್ರಮಕ್ರಮವಾಗಿ ನಗರದೊಳಕ್ಕೆ ಸೇರಿದುವು. ಭೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಊರುಗಳ ಇಂಗ್ಲಿಷು ಮೊದಲಕ್ಷರಗಳೇ ಸೇರಿ ಬಿ.ಟಿ.ಎಂ. ಎಂಬ ಬಡಾವಣೆಯಾದುವು. ಜಯನಗರದಲ್ಲಿ ಆರ್. ವಿ. ಅಧ್ಯಾಪಕರ ಕಾಲೇಜು ನೆಲೆಗೊಂಡು ಪ್ರೌಢಶಾಲೆಗಳಿಗೆ ಉಪಾಧ್ಯಾಯರನ್ನು ಸಿದ್ಧಪಡಿಸತೊಡಗಿತು.

ಈ ನಡುವೆ, ೧೯೫೬ರ ನವೆಂಬರ್ ೧ರಂದು, ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕನ್ನಡ ಭಾಗಗಳು ಒಂದೇ ರಾಜ್ಯವಾದುವು. ಹೋಬಳಿ ಶಾಲೆಯ ಪರಂಪರೆಯೂ ಶಾಲಾಪತ್ರಿಕೆಯ ಪರಂಪರೆಯೂ ಅಂದು ಒಂದೇ ಇಲಾಖೆಯ ಆಸ್ತಿಯಾದುವು. ಪಠ್ಯಕ್ರಮ, ತರಗತಿಗಳ ಎಣಿಕೆ, ಉಪಾಧ್ಯಾಯರ ದರ್ಜೆ, ಇವೆಲ್ಲವೂ ಪ್ರಾಂತಕ್ಕೊಂದು ಬಗೆಯಾಗಿದ್ದುವನ್ನು ಒಂದು ಹದಕ್ಕೆ ತರುವುದು ಸುಲಭಸಾಧ್ಯವಾಗಿರಲಿಲ್ಲ. ೧೯೬೧ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಯಿತು. ೧೯೭೫ರಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ರೂಪುಗೊಂಡಿತು. ಬನಶಂಕರಿ ಮೂರನೆಯ ಹಂತದ ಹೊಸಕೆರೆಹಳ್ಳಿಯ ವರ್ತುಲ ರಸ್ತೆಯಲ್ಲಿರುವ ಅದರ ಕಚೇರಿಯನ್ನು ನಮ್ಮಲ್ಲಿ ಅನೇಕರು ದಿನವೂ ಹಾದುಹೋಗುತ್ತಾರೆ. ಬೀದರದಿಂದ ಚಾಮರಾಜನಗರದವರೆಗಿನ ಉಪಾಧ್ಯಾಯರ ತರಬೇತನ್ನು ಗೊತ್ತುಮಾಡುವ ಸ್ಥಾನವು ನಮ್ಮ ನೆರೆಯಲ್ಲಿಯೇ ಇದೆಯೆಂಬುದನ್ನು ಬಲ್ಲವರು ಮಾತ್ರ ಕೆಲವರೆ.

ಇಂದು ಅವಕಾಶಗಳಿಗೇನೂ ಬರವಿಲ್ಲ. ಉಪಾಧ್ಯಾಯರ ವರ್ಗಾವಣೆಯು ಪ್ರಭಾವಶಾಲಿಗಳ ಶಿಫಾರಸಿಗೆ ಒಳಗಾಗದಂತೆ ೨೦೦೭ರಲ್ಲಿ ಕಾಯಿದೆಯಾಗಿ, ೨೦೨೦ರಲ್ಲಿ ಅದರ ಸ್ಥಾನದಲ್ಲಿ ಹೊಸದೂ ಬಂದಿತು. ತೆರವಾದ ಸ್ಥಳಗಳನ್ನು ಎಲ್ಲರ ಎದುರಿಗಿಟ್ಟು ಆರಿಸಿಕೊಳ್ಳುವ ಪದ್ಧತಿಯು ನಡೆಯುತ್ತಿದೆ. ತಂದೆತಾಯಿಗಳು ಸೇರಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ೨೦೦೧ರಿಂದ ಇವೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಬಡಮಕ್ಕಳಿಗೆ ಕೇಂದ್ರ ಸರ್ಕಾರದ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯಿದೆ. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ೧೨,೦೦೦ ರೂಪಾಯಿ ದೊರೆಯುತ್ತದೆ. ಉಪಾಧ್ಯಾಯರಿಗೆ ಮನೆಯಲ್ಲಿಯೇ ಕುಳಿತು ತರಬೇತು ಪಡೆಯಲು ‘ದೀಕ್ಷಾ’ ಜಾಲತಾಣವಿದೆ. ಸುತ್ತೋಲೆಯು ಕ್ಷಣಾರ್ಧದಲ್ಲಿ ಎಲ್ಲರ ಕೈಯ ಫೋನಿಗೂ ಬಂದು ಸೇರುತ್ತದೆ.

ಸೇರುವುದೇನೋ ನಿಜ, ಮುಟ್ಟುವುದೆ? ವಿದ್ಯೆಗೆ ನಾಲ್ಕು ದಶೆಗಳೆಂದು ನಮ್ಮ ಪೂರ್ವಿಕರು ಗಣಿಸಿದ್ದಾರೆ: ಅಧ್ಯಯನ, ಅರ್ಥಬೋಧ, ಆಚರಣ, ಪ್ರಚಾರಣ. ಸುತ್ತೋಲೆಗೂ ಈ ಗಣನೆಯು ಸಲ್ಲುತ್ತದೆ. ಅದು ಕೈಗೆ ಬಂದರೆ ಮೊದಲನೆಯ ದಶೆಯೂ ಪೂರ್ತಿಯಾಗಲಿಲ್ಲ. ಓದಿ, ಅರ್ಥಮಾಡಿಕೊಂಡು, ನಡಸಿ, ಮಗುವಿಗೂ ಮನೆಯವರಿಗೂ ತಿಳಿಸಿದಾಗಲೇ ಅದು ಸಾರ್ಥಕ. ನಾನು ಸೇವೆಯಲ್ಲಿದ್ದ ಶಾಲೆಗಳಲ್ಲೊಂದರಲ್ಲಿ ಒಂದು ವರ್ಷ ವಿದ್ಯಾರ್ಥಿವೇತನದ ಪ್ರಕಟಣೆಯು ಮೇಲಿನಿಂದ ಬಂದಾಗ ಅರ್ಜಿಗೆ ಎರಡೇ ದಿನಗಳು ಉಳಿದಿದ್ದುವು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ದಂಪತಿಗಳ ಮಗಳೊಬ್ಬಳು, ಲೆಕ್ಕದಲ್ಲಿ ಬಲು ಚುರುಕಾದವಳು, ಆದಾಯದ ಸರ್ಟಿಫಿಕೇಟು ಸಿಕ್ಕದೆ ಹೊರಗುಳಿದಳು. ಯೋಜನೆಯಲ್ಲಿ ದೋಷವಿರಲಿಲ್ಲ, ಹಣದ ಕೊರತೆಯೂ ಇರಲಿಲ್ಲ. ಮಾತು ನಡೆದು ಬರುವ ದಾರಿಯೇ ಕೆಟ್ಟಿತ್ತು. ‘ಮೊದಲೇ ಹೇಳಿದ್ದರೆ ಒಂದು ದಿನದ ಕೂಲಿ ಬಿಟ್ಟು ನಾಡಕಚೇರಿಗೆ ಹೋಗುತ್ತಿದ್ದೆವಲ್ಲ, ಸ್ವಾಮಿ’ ಎಂದು ಆ ತಂದೆಯು ಅಂದುದಕ್ಕೆ ಹೇಳಲು ನಮ್ಮಲ್ಲಿ ಯಾರಿಗೂ ಮಾತಿರಲಿಲ್ಲ.

‘ಹಳೆಯ ಕಾಲದ ಪತ್ರಿಕೆಯು ತಿಂಗಳಿಗೊಮ್ಮೆ ಬರುತ್ತಿತ್ತು, ಇಂದಿನದು ಗಳಿಗೆಗೊಮ್ಮೆ ಬರುತ್ತದೆ, ಹಿಂದಣದನ್ನು ಹೊಗಳಿ ಫಲವೇನು?’ ಎಂದು ಕೇಳುವವರುಂಟು. ಆಕ್ಷೇಪಣೆಯು ಯುಕ್ತವಾದುದೇ. ವೇಗವನ್ನು ನಿಂದಿಸುವುದು ನನ್ನ ಅಭಿಪ್ರಾಯವಲ್ಲ. ಆ ಹುಡುಗಿಗೆ ಬೇಕಾಗಿದ್ದುದು ವೇಗವೇ. ಆದರೆ ವೇಗವು ಒಂದೇ ದಿಕ್ಕಿನಲ್ಲಿದೆ. ಮೇಲಿನ ಮಾತು ಗಳಿಗೆಯಲ್ಲಿ ಕೆಳಕ್ಕಿಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಅಂಕಿ ಅಂಶಗಳು ಮಾತ್ರ. ಎಷ್ಟು ಮಕ್ಕಳು ಬಂದರು, ಎಷ್ಟು ಮಂದಿ ಉಂಡರು, ಎಷ್ಟು ಪುಸ್ತಕಗಳು ಹಂಚಲ್ಪಟ್ಟುವು ಎಂದು ತುಂಬಿಸುವುದರಲ್ಲಿ ಉಪಾಧ್ಯಾಯನ ಹೊತ್ತು ಕಳೆಯುತ್ತದೆ. ‘ಈ ಪಾಠ ಮಕ್ಕಳಿಗೆ ಹತ್ತುತ್ತಿಲ್ಲ, ಹೀಗೆ ಹೇಳಿದರೆ ಹತ್ತೀತು’ ಎಂಬ ಅವನ ಮಾತಿಗೆ ಕೋಷ್ಟಕದಲ್ಲಿ ಅಂಕಣವಿಲ್ಲ.

ಅವನ ಮಾತಿಗೆ ಬೆಲೆ ಕೊಟ್ಟಾಗ ಏನಾಗುವುದೆಂಬುದಕ್ಕೆ ಸಮೀಪಕಾಲದ ನಿದರ್ಶನವೂ ಇದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕೆಲವು ಶಾಲೆಗಳ ಉಪಾಧ್ಯಾಯರೇ ಸೇರಿ, ಮಕ್ಕಳು ಆಡುತ್ತ ತಮ್ಮ ತಮ್ಮ ವೇಗದಲ್ಲಿ ಕಲಿಯುವ ‘ನಲಿ–ಕಲಿ’ ಪದ್ಧತಿಯನ್ನು ರೂಪಿಸಿದರು. ೨೦೦೯ರ ಸುಮಾರಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ವ್ಯಾಪಿಸಿತು. ಕಾಡಂಚಿನ ತಾಲ್ಲೂಕಿನ ಉಪಾಧ್ಯಾಯರು ಯೋಚಿಸಿದ್ದನ್ನು ರಾಜಧಾನಿಯು ಸ್ವೀಕರಿಸಿತು.

ಆದುದರಿಂದ ನನ್ನ ಬಿನ್ನಹವಿಷ್ಟು. ಶಾಲೆಗಳ ಸಮೂಹಕ್ಕೊಂದರಂತೆ ನಡೆಯುವ ಉಪಾಧ್ಯಾಯರ ಸಮಾಲೋಚನಾ ಸಭೆಗಳಲ್ಲಿ, ವರದಿ ಒಪ್ಪಿಸುವ ಹೊತ್ತು ಕಡಮೆಯಾಗಿ, ಅನುಭವ ಹೇಳುವ ಹೊತ್ತು ಹೆಚ್ಚಾಗಲಿ. ಅಲ್ಲಿ ಕೇಳಿಬಂದುದನ್ನು ಒಂದೆರಡು ಪುಟವಾದರೂ ಅಚ್ಚುಮಾಡಿ ಎಲ್ಲ ಶಾಲೆಗಳಿಗೂ ಹಂಚಲಿ. ಹೊಸಕೆರೆಹಳ್ಳಿಯ ಕಚೇರಿಯವರು ತಿಂಗಳಿಗೊಂದು ದಿನ ನೆರೆಯ ಶಾಲೆಯೊಂದರಲ್ಲಿ ಸುಮ್ಮನೆ ಕುಳಿತು ಕೇಳಲಿ; ರೈಸರಂತೆ ಅವರು ಕುದುರೆಯೇರಿ ಹೊರಡಬೇಕಾದುದಿಲ್ಲ. ನಮ್ಮ ಬಡಾವಣೆಗಳ ವಿದ್ಯಾವಂತ ಕುಟುಂಬಗಳಿಗೂ ಇಲ್ಲೊಂದು ಕರ್ತವ್ಯವಿದೆ. ನಮ್ಮ ಮಕ್ಕಳು ಸರ್ಕಾರಿ ಶಾಲೆಗೆ ಹೋಗದಿರಬಹುದು. ನಮ್ಮ ಮನೆಗಳಲ್ಲಿ ದುಡಿಯುವವರ ಮಕ್ಕಳು ಹೋಗುತ್ತಾರೆ. ವಿದ್ಯಾರ್ಥಿವೇತನದ ಪ್ರಕಟಣೆಯನ್ನು ಓದಿ ಅವರಿಗೆ ತಿಳಿಸುವುದಕ್ಕೂ, ಆದಾಯದ ಸರ್ಟಿಫಿಕೇಟಿನ ಅರ್ಜಿಯನ್ನು ಜೂನ್ ತಿಂಗಳಲ್ಲಿಯೇ ಬರೆದುಕೊಡುವುದಕ್ಕೂ ಯಾವ ಇಲಾಖೆಯ ಅಪ್ಪಣೆಯೂ ಬೇಕಾಗಿಲ್ಲ. ನಿವೃತ್ತರಾದ ಉಪಾಧ್ಯಾಯರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದೇವೆ. ಈ ಶಾಲಾವರ್ಷದಿಂದಲೇ ಮೊದಲುಮಾಡಬಹುದು.