ಕವಣೆ, ಮಜ್ಜಿಗೆ, ಗೇರ್ ಬಾಕ್ಸ್: ಕ್ಲಚ್ ಇಲ್ಲದ ಗಾಡಿಗಳು ನಮ್ಮೂರಿಗೆ ಬಂದ ಕಥೆ

ಕಳೆದ ಬೇಸಿಗೆಯಲ್ಲಿ ಮಧುಗಿರಿ–ಕೊರಟಗೆರೆ ನಡುವಿನ ಹಳ್ಳಿಯೊಂದರಲ್ಲಿ, ನಮ್ಮ ಗುಂಪಿನ ಗೆಳೆಯನ ಮನೆ ಮುಂದೆ ಒಂದು ಕಾರು ನಿಂತುಬಿಟ್ಟಿತು. ಎಂಜಿನ್ ಚೆನ್ನಾಗೇ ಇತ್ತು. ಗೇರ್ ಕಡ್ಡಿಯನ್ನು 'ಡಿ'ಗೆ ಎಳೆದರೆ ಎಂಜಿನ್ ಕೂಗುತ್ತಿತ್ತೇ ಹೊರತು ಚಕ್ರ ಉರುಳುತ್ತಿರಲಿಲ್ಲ. ಹುಣಸೆಹಣ್ಣು ಮಾರಿದ ದುಡ್ಡಿಗೆ ಒಂದಷ್ಟು ಸಾಲ ಸೇರಿಸಿ ತಂದ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಅದು. ಗೆಳೆಯನ ಅಪ್ಪನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲಿನಲ್ಲಿ ಬಲವಿಲ್ಲ. ಕ್ಲಚ್ ತುಳಿಯಲಾಗದು ಎಂದೇ ಇಂಥದ್ದನ್ನು ಹುಡುಕಿ ತಂದಿದ್ದರು. ಪೇಟೆಯ ವರ್ಕ್‌ಶಾಪ್ ಒಂದರಲ್ಲಿ ಕೇಳಿದರೆ, ಅವರು ಹೇಳಿದ ರೇಟು ಕಾರಿನ ಬೆಲೆಯ ಹತ್ತಿರಕ್ಕೇ ಬಂತು. ಕೊನೆಗೆ ಮನೆ ಮುಂದೆಯೇ ಗೇರ್ ಬಾಕ್ಸ್ ಇಳಿಸುವುದು ಅಂತ ತೀರ್ಮಾನವಾಯಿತು.

'ಹಳ್ಳಿಯಲ್ಲಿ ಆಟೋಮ್ಯಾಟಿಕ್ ಗಾಡಿ ಯಾಕಪ್ಪಾ ಬೇಕಿತ್ತು?' ಅಂತ ನೋಡಲು ಬಂದವರೆಲ್ಲ ಕೇಳಿದರು. ಆ ಪ್ರಶ್ನೆಯೇ ನಮ್ಮನ್ನು ಈ ಬರಹಕ್ಕೆ ಕೂರಿಸಿತು. ಯಾಕೆಂದರೆ ಹಾಗೆ ಕೇಳಿದವರಲ್ಲಿ ಮೂವರು ಬಂದದ್ದು ಕ್ಲಚ್ಚೂ ಇಲ್ಲದ, ಗೇರೂ ಇಲ್ಲದ ಟಿವಿಎಸ್ ಗಾಡಿಯಲ್ಲಿ!

ನಮ್ಮ ತಾಲ್ಲೂಕುಗಳ ಓಡಾಟ ರಸ್ತೆಯ ಮೇಲೇ ಬೆಳೆದದ್ದು. ಶಿರಾ ಅಂತೂ ಪುಣೆ–ಬೆಂಗಳೂರು ಹೆದ್ದಾರಿಯ ಊರು. ಹಿಂದೆ ಎನ್‌ಎಚ್ 4 ಅನ್ನುತ್ತಿದ್ದೆವು, ಈಗ ಎನ್‌ಎಚ್ 48. ಟಾಟಾ ಕಂಪನಿ ಜರ್ಮನಿಯ ಬೆಂಜ್ ಜೊತೆ ಸೇರಿ 1954ರಲ್ಲಿ ಲಾರಿ ಮಾಡಲು ಶುರುಮಾಡಿತು. ಆ ಕಾಲದ ಲಾರಿಗಳಲ್ಲಿ ಗೇರ್ ಹಾಕುವುದೇ ಒಂದು ವಿದ್ಯೆ. ಒಮ್ಮೆ ಕ್ಲಚ್ ತುಳಿದು ನ್ಯೂಟ್ರಲ್, ಬಿಟ್ಟು ಇನ್ನೊಮ್ಮೆ ತುಳಿದು ಮುಂದಿನ ಗೇರ್. ಇದಕ್ಕೆ 'ಡಬಲ್ ಕ್ಲಚ್' ಅನ್ನುತ್ತಿದ್ದರು. ತಪ್ಪಿದರೆ ಹಲ್ಲಿಗೆ ಹಲ್ಲು ಉಜ್ಜಿ ಕರ್ರ್ ಅನ್ನುವ ಸದ್ದು. ಕ್ಲೀನರ್ ಆಗಿ ಸೇರಿದ ಹುಡುಗ ಡಬಲ್ ಕ್ಲಚ್ ಕಲಿತ ಮೇಲೇ ಡ್ರೈವರ್ ಅನ್ನಿಸಿಕೊಳ್ಳುತ್ತಿದ್ದುದು. ಅಂಬಾಸಿಡರ್ ಕಾರಿನಲ್ಲಿ ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇರುತ್ತಿತ್ತು. ಹಾಗಾಗಿ ಮುಂದಿನ ಸೀಟಿನಲ್ಲಿ ಇನ್ನೊಬ್ಬರನ್ನು ತುರುಕಲು ಜಾಗವಿತ್ತು. ಮದುವೆ ದಿಬ್ಬಣ ಹೋದವರಿಗೆ ಇದು ಚೆನ್ನಾಗಿ ಗೊತ್ತು.

ಇಂಥ ಕಾಲದಲ್ಲಿ, 1972ರಲ್ಲಿ, ಪುಣೆಯ ಕೈನೆಟಿಕ್ ಕಂಪನಿಯಿಂದ ಲೂನಾ ಬಂತು. ಅದಾದ ಮೇಲೆ 1980ರಲ್ಲಿ, ನಮಗೆ ದೂರವೇನಲ್ಲದ ಹೊಸೂರಿನಿಂದ, ಇಬ್ಬರು ಕೂರುವ ಟಿವಿಎಸ್ 50. ಇವುಗಳಲ್ಲಿ ಗೇರ್ ಬದಲಿಸುವ ಮಾತೇ ಇರಲಿಲ್ಲ. ಒಳಗಿನ ಉಪಾಯ ನಮ್ಮ ಕವಣೆಯದೇ. ಕವಣೆ ಬೀಸಿದಷ್ಟೂ ಕಲ್ಲು ಹೊರಕ್ಕೆ ಎಳೆಯುತ್ತದಲ್ಲ? ಹಾಗೆಯೇ ಎಂಜಿನ್ ವೇಗ ಹೆಚ್ಚಿದಾಗ ಕ್ಲಚ್ಚಿನ ತುಂಡುಗಳು ಹೊರಕ್ಕೆ ಸರಿದು, ಸುತ್ತಲಿನ ಬಟ್ಟಲನ್ನು ಕಚ್ಚಿ, ಚಕ್ರವನ್ನು ತಿರುಗಿಸುತ್ತವೆ. ಆಕ್ಸಿಲೇಟರ್ ಬಿಟ್ಟರೆ ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಾವಗಡದ ಕಡೆ ಕಡಲೇಕಾಯಿ ಮೂಟೆ, ನಮ್ಮ ಕಡೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಎಲ್ಲವನ್ನೂ ಹೊತ್ತದ್ದು ಇದೇ ಕ್ಲಚ್ಚು. ಎತ್ತಿನಗಾಡಿಯ ನಂತರ ನಮ್ಮ ಹಳ್ಳಿಗಳನ್ನು ಹೆಚ್ಚು ಬದಲಿಸಿದ ಗಾಡಿ ಯಾವುದೆಂದರೆ, ಟ್ರ್ಯಾಕ್ಟರಿಗಿಂತ ಮೊದಲು ನಾವು ಟಿವಿಎಸ್ ಹೆಸರನ್ನೇ ಹೇಳುತ್ತೇವೆ. ಒಪ್ಪದವರು ಜಗಳಕ್ಕೆ ಬರಬಹುದು.

1984ರ ಕೈನೆಟಿಕ್ ಹೋಂಡಾ ಇನ್ನೊಂದು ಹೆಜ್ಜೆ. ಅದರಲ್ಲಿ ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಹಿಟ್ಟಿನ ಗಿರಣಿಯ ಬೆಲ್ಟನ್ನು ನೆನೆಸಿಕೊಳ್ಳಿ. ವ್ಯತ್ಯಾಸವೆಂದರೆ ಇಲ್ಲಿ ವೇಗಕ್ಕೆ ತಕ್ಕಂತೆ ಪುಲ್ಲಿಯೇ ಅಗಲವಾಗುತ್ತದೆ, ಕಿರಿದಾಗುತ್ತದೆ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ಇಂಥ ಬೆಲ್ಟನ್ನು ಕಾರಿಗೆ ಹಾಕಿ ತೋರಿಸಿತ್ತು. 2001ರ ಆಕ್ಟಿವಾದಲ್ಲೂ ಇದೇ ಬಗೆ. ಇಂಥ ಸ್ಕೂಟರಿಗೆ ಪಕ್ಕದಲ್ಲಿ ಎರಡು ಚಕ್ರ ಹೆಚ್ಚಿಗೆ ಹಾಕಿಸಿ ಎಷ್ಟೋ ಮಂದಿ ಅಂಗವಿಕಲರು ಮೊದಲ ಸಲ ಯಾರ ಹಂಗೂ ಇಲ್ಲದೆ ಸಂತೆಗೆ ಹೋದರು. ಗೆಳೆಯನ ಅಪ್ಪನೂ ಅವರಲ್ಲಿ ಒಬ್ಬರು. ಮಳೆಗಾಲ ಮತ್ತು ಮೊಮ್ಮಗಳು, ಈ ಎರಡು ಕಾರಣಕ್ಕೆ ಅವರು ಕಾರಿಗೆ ಆಸೆಪಟ್ಟದ್ದು.

ಕಾರಿನ ಆಟೋಮ್ಯಾಟಿಕ್ ಗೇರಿನ ಬೇರು ಇರುವುದು ಹಡಗಿನಲ್ಲಿ. ಜರ್ಮನಿಯ ಎಂಜಿನಿಯರ್ ಹೆರ್ಮನ್ ಫೋಟಿಂಗರ್, ದ್ರವದ ಮೂಲಕ ಶಕ್ತಿ ದಾಟಿಸುವ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಮಜ್ಜಿಗೆ ಕಡೆಯುವಾಗ ಗಡಿಗೆಯಲ್ಲಿ ಸುಳಿ ಏಳುತ್ತದೆ. ಅದರೊಳಗೆ ಇನ್ನೊಂದು ಕಡೆಗೋಲು ಬಿಟ್ಟರೆ ಅದೂ ತಿರುಗುತ್ತದೆ. ಟಾರ್ಕ್ ಕನ್ವರ್ಟರಿನ ಮೂಲ ಇಷ್ಟೇ. ಅಮೆರಿಕದ ಜನರಲ್ ಮೋಟರ್ಸ್, 1940ರ ಮಾಡೆಲ್ಲಿನ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 'ಹೈಡ್ರಾಮ್ಯಾಟಿಕ್' ಎಂಬ ಪೂರ್ತಿ ಆಟೋಮ್ಯಾಟಿಕ್ ಗೇರ್ ಬಾಕ್ಸನ್ನು ಮಾರಾಟಕ್ಕಿಟ್ಟಿತು. ನಮ್ಮಲ್ಲಿ ಸಾಮಾನ್ಯರ ಕೈಗೆ ಆಟೋಮ್ಯಾಟಿಕ್ ಹತ್ತಿರವಾದದ್ದು 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ. ಅದು ಎಎಂಟಿ: ಮಾಮೂಲಿ ಗೇರ್ ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಇದನ್ನು ತಿಳಿದಿರುವುದು ಒಳ್ಳೆಯದು. ಎಎಂಟಿ ಗಾಡಿ ಎಳೆಯದಿದ್ದರೆ ಬರೀ ಕ್ಲಚ್ ಪ್ಲೇಟು ಸವೆದಿರಬಹುದು. ಡಬ್ಬವನ್ನೇ ಬದಲಿಸಿ ಅಂದವರ ಮಾತಿಗೆ ತಕ್ಷಣ ತಲೆಯಾಡಿಸಬೇಡಿ.

ನಮ್ಮ ಅಂಗಳದ ಕಾರು ಎಎಂಟಿ ಅಲ್ಲ, ಹಳೆಯ ಟಾರ್ಕ್ ಕನ್ವರ್ಟರಿನದು. ಕೆಂಪಗಿರಬೇಕಾದ ಗೇರ್ ಆಯಿಲ್ ಕಪ್ಪಾಗಿ, ಸೀದ ವಾಸನೆ ಹೊಡೆಯುತ್ತಿತ್ತು. ಶಿವಾಜಿನಗರದ ಗುಜರಿಯಲ್ಲಿ ಅದೇ ಮಾಡೆಲ್ಲಿನ ಡಬ್ಬ ಸಿಕ್ಕಿತು. ಇಳಿಸುವವರು ಯಾರು? ಮಧುಗಿರಿಯ ಮೆಕ್ಯಾನಿಕ್ ಒಬ್ಬರು ಬಂದರು, ಜೊತೆಗೆ ಬೋರ್‌ವೆಲ್ ಮೋಟರ್ ಎತ್ತುವವರನ್ನೂ ಕರೆದರು! ನೀರಿಗಾಗಿ ನೂರಾರು ಅಡಿ ಕೊರೆದ ಈ ಸೀಮೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ ಎಲ್ಲೆಲ್ಲೂ ಸಿಗುತ್ತವೆ. ಗೇರ್ ಬಾಕ್ಸ್ ಬಿಚ್ಚಿದರೆ ಎಂಜಿನ್ ಆ ಬದಿಗೆ ಜೋತುಬೀಳುತ್ತದೆ; ಅದನ್ನು ಹಿಡಿದದ್ದು ಅವರ ಚೈನು.

ಕಾರಿನಡಿಗೆ ಸೈಜುಗಲ್ಲು ಕೊಡೋಣ ಅಂದಿದ್ದು ನಾವೇ. ಮೆಕ್ಯಾನಿಕ್ ಅಣ್ಣ ಬೈದರು. 'ಕಲ್ಲು ಸೀಳಿದ್ರೆ ಕೂಗೋಕೂ ಟೈಮ್ ಸಿಗಲ್ಲ' ಅಂದರು. ಟ್ರ್ಯಾಕ್ಟರ್ ಗ್ಯಾರೇಜಿನಿಂದ ಜಾಕ್ ಸ್ಟ್ಯಾಂಡ್ ತಂದು, ಬಿಚ್ಚಿದ ಚಕ್ರಗಳನ್ನೂ ಕಾರಿನಡಿಗೆ ಅಡ್ಡ ಮಲಗಿಸಿದ ಮೇಲೇ ಅವರು ಒಳಗೆ ನುಸುಳಿದ್ದು.

ಎರಡನೇ ದಿನ ಹೊಸ ಡಬ್ಬ ಏರಿಸುವ ಮುಂಚೆ ಕನ್ವರ್ಟರನ್ನು ಅದರೊಳಗೆ ಕೂರಿಸಬೇಕಿತ್ತು. ಒತ್ತಿ ತಿರುಗಿಸುತ್ತಾ ಹೋದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಟಕ್ ಅಂತ ಒಳಗಿಳಿಯುತ್ತದೆ. ಪೂರ್ತಿ ಇಳಿಯದೆ ಬೋಲ್ಟ್ ಬಿಗಿದರೆ ಒಳಗಿನ ಆಯಿಲ್ ಪಂಪ್ ಒಡೆದು, ತಂದ ಡಬ್ಬವೂ ಗುಜರಿಗೇ. ಕೊನೆಯ ಟಕ್ ಕೇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಗೆಳೆಯನ ಅಪ್ಪ ಜಗುಲಿಯಿಂದ ಕದಲಲಿಲ್ಲ, ಮಾತೂ ಆಡಲಿಲ್ಲ. ಆಯಿಲ್ ಕೂಲರಿನ ಪೈಪುಗಳಲ್ಲಿ ಹಳೆಯ ಪುಡಿ ಉಳಿಯದಂತೆ ತೊಳೆದು, ಕಂಪನಿ ಪುಸ್ತಕದಲ್ಲಿ ಹೇಳಿದ ಆಯಿಲ್ಲನ್ನೇ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಮಟ್ಟ ನೋಡಿದೆವು.

ಸಂಜೆ ಅವರೇ ಓಡಿಸಿಕೊಂಡು ಕೊರಟಗೆರೆವರೆಗೆ ಹೋಗಿಬಂದರು. ರಿವರ್ಸ್ ಹಾಕಿದರೆ ಒಂದು ಗಳಿಗೆ ಯೋಚಿಸಿ ಆಮೇಲೆ ಹಿಡಿಯುತ್ತದೆ. 'ಇರ್ಲಿ ಬಿಡ್ರೋ, ನನ್ ಕಾಲಿಗಿಂತ ಬೇಗಾನೇ ಆಯ್ತು' ಅಂದರು. ಹಳೇ ಡಬ್ಬ ಇನ್ನೂ ಕೊಟ್ಟಿಗೆಯ ಪಕ್ಕದಲ್ಲಿದೆ. ಅದನ್ನು ಬಿಚ್ಚಿ ನೋಡಬೇಕೆಂದು ಮೆಕ್ಯಾನಿಕ್ ಅಣ್ಣ ಎರಡು ಸಲ ಫೋನ್ ಮಾಡಿದ್ದಾರೆ.